ಆಣೆ ಹಾಕದ ಗುರುಸಿದ್ದವ್ವ

ಮಾಗಡಿ ಕೆರೆಯ ಕಡೆಗೆ ಹೋಗುವ ದಾರಿಯಲ್ಲಿ ಸಿಗುವ ಆ ಸಣ್ಣ ಊರಿನಲ್ಲಿ ಆಣೆ ಎಂಬುದು ಉಪ್ಪಿಗಿಂತ ಅಗ್ಗ. ಹಾಲಿಗೆ ನೀರು ಬೆರೆಸಿಲ್ಲ ಎನ್ನಲು ದೇವರಾಣೆ, ಬಸ್ಸು ತಪ್ಪಿತು ಎನ್ನಲು ತಾಯಾಣೆ, ನಾಳೆ ಖಂಡಿತ ಬರುತ್ತೇನೆ ಎನ್ನಲು ಮಕ್ಕಳ ತಲೆಯ ಮೇಲೆ ಕೈ. ಸಾಕ್ಷಿ ಹೇಳಿ ಹೇಳಿ ದೇವರಿಗೇ ಬೇಸರ ಬಂದಿರಬೇಕು, ಪಾಪ. ಅಂಥ ಊರಿನಲ್ಲಿ ಗುರುಸಿದ್ದವ್ವ ಒಬ್ಬಳೇ ಜನ್ಮದಲ್ಲಿ ಆಣೆ ಹಾಕಿದವಳಲ್ಲ. ಜೋಳದ ರೊಟ್ಟಿ ಬಡಿದು ಲಕ್ಷ್ಮೇಶ್ವರದ ಖಾನಾವಳಿಗಳಿಗೆ ಕಳಿಸುವುದು ಅವಳ ಉದ್ಯೋಗ. ವಯಸ್ಸು ಎಪ್ಪತ್ತರ ಹತ್ತಿರ ಬಂದಿದೆ, ತಟ್ಟುವ ಕೈ ಇನ್ನೂ ದಣಿದಿಲ್ಲ.

ಅವಳ ತವರು ಹಿರೇಹಂದಿಗೋಳ. ಸಣ್ಣವಳಿದ್ದಾಗ ದೀಕ್ಷೆ ಕೊಟ್ಟು ಕೊರಳಿಗೆ ಲಿಂಗ ಕಟ್ಟಿದ ಅಯ್ಯನವರು ಒಂದು ಮಾತು ಹೇಳಿದ್ದರು. ಎದೆಯ ಮೇಲಿನ ಲಿಂಗ ನೀನು ಆಡುವುದನ್ನೆಲ್ಲ ಕೇಳುತ್ತಲೇ ಇರುತ್ತದೆ, ಮತ್ತೆ ಅದನ್ನು ಸಾಕ್ಷಿಗೆ ಎಳೆಯಬೇಡ ಮಗಳೇ ಎಂದು. ಅಯ್ಯನವರು ಎಷ್ಟು ಮಕ್ಕಳಿಗೆ ಎಷ್ಟು ಮಾತು ಹೇಳಿರುತ್ತಾರೋ, ಯಾರು ನೆನಪಿಡುತ್ತಾರೆ? ಈ ಹುಡುಗಿ ಇಟ್ಟುಕೊಂಡಳು.

ಅದರ ಬೆಲೆಯನ್ನೂ ತೆತ್ತಳು. ಹುಚ್ಚೀರಪ್ಪನ ಕೈಹಿಡಿದು ಬಂದ ಹೊಸದರಲ್ಲಿ ಅತ್ತೆಯ ಬೆಳ್ಳಿ ಗಿಂಡಿ ಕಳೆಯಿತು. ಅತ್ತೆ ದೇವರ ಜಗಲಿಯ ಮೇಲೆ ದೀಪ ಹಚ್ಚಿಟ್ಟು, ಮನೆಯ ಹೆಂಗಸರೆಲ್ಲ ಅದನ್ನು ಮುಟ್ಟಿ ಆಣೆ ಹಾಕಬೇಕೆಂದಳು. ಎಲ್ಲರೂ ಹಾಕಿದರು. ಗುರುಸಿದ್ದವ್ವ ಮಾತ್ರ, ನಾನು ತೆಗೆದಿಲ್ಲ, ಆಣೆ ಹಾಕುವುದಿಲ್ಲ ಎಂದಳು. ಮುಗಿಯಿತಲ್ಲ! ಆಣೆ ಹಾಕದವಳೇ ಕಳ್ಳಿ ಎಂದು ಓಣಿ ತೀರ್ಪು ಕೊಟ್ಟಿತು. ಊರ ಬಾಯಿ ಮುಚ್ಚಲು ಯಾವ ಮುಚ್ಚಳವಿದೆ? ಬಾವಿಕಟ್ಟೆಗೆ ಇವಳು ಬಂದರೆ ಉಳಿದವರು ಕೊಡ ಎತ್ತಿಕೊಂಡು ನಡೆಯುತ್ತಿದ್ದರು. ಗಂಡ ಒಳ್ಳೆಯವನೇ, ಆದರೆ ಅವ್ವನ ಮುಂದೆ ಅವನ ಬಾಯಿಗೆ ಬೀಗ.

ಆ ದಿನಗಳಲ್ಲಿ ಅವಳ ಜೊತೆ ಮಾತಾಡಿದವಳು ಗುಲಾಬಬಿ ಒಬ್ಬಳೇ. ಇಬ್ಬರ ಹಿತ್ತಿಲಿಗೂ ನಡುವೆ ಒಂದೇ ಗೋಡೆ. ಗುಲಾಬಬಿಯ ಗಂಡ ಮರ್ದಾನಸಾಬ ಊರಿನ ಸಣ್ಣ ಮಸೂತಿಯನ್ನು ನೋಡಿಕೊಳ್ಳುವವನು. ಮೊಹರಮ್ಮಿನಲ್ಲಿ ಜನ ಹೊತ್ತು ಮೆರೆಸುವ, ಹಸ್ತದ ಆಕಾರದ ಪಂಜಾಗಳನ್ನು, ಅಂದರೆ ಊರವರ ಬಾಯಲ್ಲಿ ಅಲಾಯಿ ದೇವರನ್ನು, ಇಡುವ ಜಾಗ ಅದು. ಗಿಂಡಿಯ ಗದ್ದಲವೆಲ್ಲ ಗುಲಾಬಬಿಯ ಕಿವಿಗೂ ಬಿದ್ದಿತ್ತು. ಒಂದು ದಿನ ಗುರುಸಿದ್ದವ್ವ ಅಳು ತಡೆಯಲಾರದೆ ಗೋಡೆಗೆ ಹಣೆ ಹಚ್ಚಿ ನಿಂತು, ನಾನು ತೆಗೆದಿಲ್ಲವೆಂದು ಅವಳಿಗೂ ಹೇಳಿದಳು. ಗುಲಾಬಬಿ ಒಲೆಯ ಮುಂದಿನಿಂದ ಏಳಲೂ ಇಲ್ಲ.

"ನೀ ಹೇಳಿದಿ, ಆತಲ್ಲ" ಎಂದಳು. "ಬಾ, ಚಾ ಕುಡಿ."

ಮುಂದೆ ನೆಲದೊಳಗಿನ ಹಗೇವಿನ ಬಾಯಿ ತೆರೆದು ಜೋಳ ತೆಗೆಯುವಾಗ ಗಿಂಡಿ ಕಾಳಿನ ನಡುವೆ ಸಿಕ್ಕಿತು. ಜೋಳ ತುಂಬುವ ದಿನ ಅತ್ತೆಯೇ ಕೈತಪ್ಪಿ ಬೀಳಿಸಿದ್ದಳು. ಅತ್ತೆ ತಪ್ಪಾಯಿತು ಎನ್ನುವ ಜಾತಿಯವಳಲ್ಲ. ಅಂದು ಸಂಜೆ ಅದೇ ಗಿಂಡಿಯಲ್ಲಿ ಸೊಸೆಗೆ ಹಾಲು ತಂದುಕೊಟ್ಟಳು, ಅಷ್ಟೇ. ಸೊಸೆ ಕುಡಿದಳು. ಆದರೆ ಅವಳ ಬಾಯಲ್ಲಿ ಉಳಿದ ರುಚಿ ಗುಲಾಬಬಿಯ ಚಹಾದ್ದು. ಅಂದಿನಿಂದ ಇಂದಿನವರೆಗೆ ಮೊಹರಮ್ಮಿನ ಕಡೆಯ ದಿನ ದೇವರು ಬಾಗಿಲಿಗೆ ಬಂದಾಗ ಹೊತ್ತವರ ಕಾಲಿಗೆ ಮೊದಲ ಕೊಡ ನೀರು ಹಾಕುವವಳು ಗುರುಸಿದ್ದವ್ವನೇ.

ಹೀಗಿರುವಾಗ ಮೂರು ವರ್ಷದ ಹಿಂದೆ ಬೆಂಕಿ ಹತ್ತಿದ್ದು ತವರಿನ ಕಡೆಯಿಂದ. ಅವಳ ಅಣ್ಣನ ಮಗ ಸುಭಾಷ ಉಳ್ಳಾಗಡ್ಡಿ ವ್ಯಾಪಾರದವನು. ಸೋದರತ್ತೆಯ ಊರೆಂಬ ಪ್ರೀತಿಗೋ, ಜಾಗ ಕಡಿಮೆಗೆ ಸಿಕ್ಕಿತೆಂಬ ಪ್ರೀತಿಗೋ, ಮಸೂತಿಯ ಮುಂದಿನ ಖಾಲಿ ಜಾಗ ಕೊಂಡ. ಗೋದಾಮು ಕಟ್ಟಬೇಕೆಂದು ಸುತ್ತಲೂ ತಂತಿಬೇಲಿ ಹಾಕಿಸಿದ. ಮಸೂತಿಯಿಂದ ಓಣಿಗೆ ಬರುವ ದಾರಿ ಆ ಜಾಗದೊಳಗೇ ಹಾಯುತ್ತಿತ್ತು. ಕಾಗದದಲ್ಲಿ ದಾರಿಯ ಸುದ್ದಿಯೇ ಇಲ್ಲ ಎಂದ ಸುಭಾಷ. ಅದು ಖರೆಯೂ ಹೌದು. ಮರ್ದಾನಸಾಬನ ಅಜ್ಜ, ಮುತ್ತಜ್ಜ ನಡೆದು ಹೋದರೇ ಹೊರತು ಬರೆಸಿಟ್ಟು ಹೋಗಲಿಲ್ಲ. ಆ ವರ್ಷ ಪಂಜಾಗಳು ಮಸೂತಿಯ ಒಳಗೇ ಉಳಿದವು. ಗುರುಸಿದ್ದವ್ವ ತುಂಬಿಟ್ಟ ಕೊಡ ಬಾಗಿಲಲ್ಲೇ ಇತ್ತು. ಗುಲಾಬಬಿ ಅಂದು ಊಟ ಮಾಡಲಿಲ್ಲ.

ಮರ್ದಾನಸಾಬ ಕೋರ್ಟಿಗೆ ಹೋದ. ಅವನ ವಕೀಲಳು ಗದಗ-ಬೆಟಗೇರಿಯ ಕಾಂಚನಾ, ಮಾತಿನಲ್ಲಿ ಚುರುಕು. ಪೂಜೆ, ನಮಾಜು, ಪಂಜಾ, ಅವರವರ ನಂಬಿಕೆಗೆ ಸಂವಿಧಾನದಲ್ಲಿ ಹಕ್ಕಿದೆ ಸಾಬರೇ, ಆದರೆ ಆ ಹಕ್ಕು ಮಸೂತಿಯಿಂದ ಓಣಿಗೆ ಬರಬೇಕಾದರೆ ನೆಲದ ಮೇಲೆ ದಾರಿ ಬೇಕು, ದಾರಿ ಇತ್ತೆನ್ನಲು ಸಾಕ್ಷಿ ಬೇಕು ಎಂದು ಬಿಡಿಸಿ ಹೇಳಿದಳು. ನಿಮ್ಮವರೇ ಹೇಳಿದರೆ ನಿಮ್ಮ ಪರವೆನ್ನುತ್ತಾರೆ, ಬೇರೆಯವರು ಬೇಕು. ಊರಲ್ಲಿ ಹಿರಿಯರೆಲ್ಲ ಕೆಮ್ಮಿದರು, ನೆಗಡಿ ಎಂದರು. ಸುಭಾಷನ ತೂಕದ ಮುಂದೆ ಯಾರು ನಿಲ್ಲುತ್ತಾರೆ? ಕೊನೆಗೆ ಕೋರ್ಟಿನ ಸಮನ್ಸು ಗುರುಸಿದ್ದವ್ವನ ಹೆಸರಿಗೆ ಬಂತು. ಅವಳ ಸಾಕ್ಷಿ ಬಿದ್ದರೆ ದಾರಿಯೂ ಬಿದ್ದ ಹಾಗೆಯೇ.

ಮರುದಿನವೇ ಸುಭಾಷ ಬಾಳೆಹಣ್ಣು, ಫೇಡೆ ಹಿಡಿದುಕೊಂಡು ಬಂದ. ಗದ್ದಲ ಮಾಡಲಿಲ್ಲ, ಮೆತ್ತಗೆ ಕುಳಿತ. ತವರಿನವರ ವಿರುದ್ಧ ತವರಿನ ಮಗಳೇ ನಿಂತರೆ ನಾಗರ ಪಂಚಮಿಗೆ ಯಾವ ಮುಖ ಹೊತ್ತು ಬರುತ್ತೀ ಎಂದು ಕೇಳಿದ. ಹೋಗುವಾಗ ಬಾಗಿಲಲ್ಲಿ ನಿಂತು, ಕೈಚೀಲದಿಂದ ಕಲ್ಲು ತೆಗೆದ ಹಾಗೆ ಒಂದು ಮಾತು ಎಸೆದ.

"ಅತ್ತಿ, ಕೋರ್ಟಿನಾಗ ಮೊದಲ ದೇವರ ಮ್ಯಾಲೆ ಆಣಿ ಮಾಡಸ್ತಾರ. ಅದಾದ ಮ್ಯಾಲೇನ ಮಾತು. ನೀ ಏನ್ ಮಾಡ್ತಿ?"

ಅದು ಅವಳಿಗೆ ಹೊಳೆದೇ ಇರಲಿಲ್ಲ. ಕೋರ್ಟೆಂದರೆ ಕೇಳುತ್ತಾರೆ, ಹೇಳುತ್ತೇನೆ, ರೊಟ್ಟಿಯ ಹೊತ್ತಿಗೆ ಮನೆಗೆ ಬರುತ್ತೇನೆ ಎಂದುಕೊಂಡಿದ್ದಳು. ಆಣೆ ಹಾಕಿದರೆ ಅರವತ್ತು ವರ್ಷ ಕಾಪಾಡಿದ ಮಾತು ಹೋಯಿತು. ಹಾಕದಿದ್ದರೆ ಗುಲಾಬಬಿಯ ದಾರಿ ಹೋಯಿತು. ಗಂಡನನ್ನು ಕೇಳಿದಳು. ಹುಚ್ಚೀರಪ್ಪ ಬಹಳ ಹೊತ್ತು ಗಡ್ಡ ಕೆರೆದುಕೊಂಡು, ಆಣೆ ಹಾಕಿ ಆಮೇಲೆ ಅಯ್ಯನವರಿಗೊಂದು ಕಾಯಿ ಒಡೆಸೋಣ ಎಂದ. ಎಂಥ ಸಲಹೆ! ಅವಳು ಮತ್ತೆ ಯಾರನ್ನೂ ಕೇಳಲಿಲ್ಲ. ವಕೀಲಳಿಗೂ ಹೇಳಲಿಲ್ಲ, ಗುಲಾಬಬಿಗಂತೂ ಹೇಳಲೇ ಇಲ್ಲ. ಹೇಳಿದ್ದರೆ ಗುಲಾಬಬಿ, ನೀನು ಹೋಗುವುದೇ ಬೇಡ ಎನ್ನುತ್ತಿದ್ದಳು.

ಲಕ್ಷ್ಮೇಶ್ವರದ ಕೋರ್ಟಿನ ಕಟಕಟೆ ಹತ್ತುವಾಗಲೂ ಅವಳು ಏನು ಮಾಡುವುದೆಂದು ನಿರ್ಧರಿಸಿರಲಿಲ್ಲ. ಕೈ ತನ್ನಷ್ಟಕ್ಕೆ ಕೊರಳಿನ ಲಿಂಗವನ್ನು ಸೆರಗಿನ ಮೇಲಿಂದಲೇ ಹಿಡಿದಿತ್ತು. ಗುಮಾಸ್ತ ಕಂಠಪಾಠವಾದ ದನಿಯಲ್ಲಿ, ದೇವರ ಹೆಸರಿನಲ್ಲಿ ಪ್ರಮಾಣ ಮಾಡಿ ಸತ್ಯವನ್ನೇ ಹೇಳುತ್ತೇನೆ ಅನ್ನಿರಿ ಎಂದ.

"ಆಣಿ ಹಾಕಾಂಗಿಲ್ರಿ ನಾ" ಎಂದುಬಿಟ್ಟಳು.

ಕೋರ್ಟೆಲ್ಲ ಗುಸುಗುಸು. ಸುಭಾಷನ ವಕೀಲ ಹಬ್ಬ ಬಂದವನ ಹಾಗೆ ಎದ್ದು ನಿಂತು, ಸತ್ಯ ಹೇಳುವವರಿಗೆ ದೇವರ ಹೆಸರಿನ ಭಯ ಯಾಕೆ, ಇಂಥ ಸಾಕ್ಷಿಯನ್ನು ಕೇಳಿ ಫಲವೇನು ಎಂದ. ಮರ್ದಾನಸಾಬ ಬೆಂಚಿನ ಮೇಲೆ ತಲೆ ತಗ್ಗಿಸಿದ. ಗುರುಸಿದ್ದವ್ವನಿಗೆ ಆ ದೀಪ, ಆ ಜಗಲಿ, ಕೊಡ ಎತ್ತಿಕೊಂಡು ನಡೆದ ಹೆಂಗಸರು ಎಲ್ಲ ಕಣ್ಣ ಮುಂದೆ ಬಂದರು. ಮತ್ತೆ ಅದೇ ಕಳ್ಳಿಯ ಪಟ್ಟ ಎಂದುಕೊಂಡಳು.

ನ್ಯಾಯಾಧೀಶರು ವಯಸ್ಸಿನಲ್ಲಿ ಅವಳ ಮಗನಷ್ಟಿದ್ದರು, ತೆಂಕಣ ಸೀಮೆಯವರು. ವಕೀಲನಿಗೆ ಕುಳಿತುಕೊಳ್ಳಲು ಹೇಳಿ, ಯಾಕೆ ಅಜ್ಜಿ ಎಂದು ಕೇಳಿದರು. ಅವಳು ಅಯ್ಯನವರ ಮಾತು ಹೇಳಿದಳು, ಅದಕ್ಕಿಂತ ಒಂದಕ್ಷರ ಹೆಚ್ಚಿಲ್ಲ. ಅವರು ತಲೆಯಾಡಿಸಿದರು. ಕಾನೂನಿನಲ್ಲಿ ಎರಡು ದಾರಿ ಇವೆ, ದೇವರ ಹೆಸರು ಹೇಳಿ ಪ್ರಮಾಣ ಮಾಡುವವರು ಮಾಡಬಹುದು, ಒಲ್ಲೆನೆನ್ನುವವರು ದೇವರ ಹೆಸರಿಲ್ಲದೆ ಸತ್ಯವನ್ನೇ ಹೇಳುತ್ತೇನೆಂದು ದೃಢವಾಗಿ ಹೇಳಿದರೆ ಸಾಕು, ಎರಡಕ್ಕೂ ತೂಕ ಒಂದೇ, ಸುಳ್ಳು ಹೇಳಿದರೆ ಶಿಕ್ಷೆಯೂ ಒಂದೇ ಎಂದರು.

"ಅದು ಆಣಿ ಅಲ್ಲೇನ್ರಿ, ಸಾಹೇಬ್ರ?"

"ಅಲ್ಲ ಅಜ್ಜಿ. ಮಾತು ಕೊಡೋದು, ಅಷ್ಟೇ."

"ಮಾತು ಕೊಡ್ತೀನ್ರಿ. ಇದ್ದದ್ದು ಇದ್ದಾಂಗ ಹೇಳ್ತೀನಿ."

ಆ ಕ್ಷಣ ಅವಳಿಗೆ ಆದ ಹಗುರ ಹೇಳತೀರದು. ಒಂದು ಊರು, ಒಂದು ಮನೆ ಒಪ್ಪದಿದ್ದ ಮಾತನ್ನು ಗುರುತು ಪರಿಚಯವಿಲ್ಲದ ಸರಕಾರ ಒಪ್ಪಿತ್ತು. ಅವಳು ಹುಟ್ಟುವ ಮೊದಲೇ ಯಾರೋ ಪುಣ್ಯಾತ್ಮರು ಅವಳಂಥವರು ಬಂದಾರೆಂದು ನೆನೆದು ಜಾಗ ಬಿಟ್ಟಿದ್ದರು.

ಹಾಗಂತ ಅವಳು ಗುಲಾಬಬಿಯ ಉಪಕಾರ ತೀರಿಸಲು ಹೊರಡಲಿಲ್ಲ. ಕಾಂಚನಾ ಕೋರ್ಟಿಗೆ ಕೊಟ್ಟ ನಕ್ಷೆಯಲ್ಲಿ ದಾರಿ ಬಂಡಿ ಹೋಗುವಷ್ಟು ಅಗಲವಿತ್ತು. ಸ್ವಲ್ಪ ಹಿಗ್ಗಿಸಿ ಕೇಳಿದರೆ ಅರ್ಧವಾದರೂ ಸಿಕ್ಕೀತೆಂದು ಮರ್ದಾನಸಾಬನೇ ಹಾಗೆ ಬರೆಸಿದ್ದ. ದಾರಿ ಎಷ್ಟು ಅಗಲವಿತ್ತೆಂದು ಕಾಂಚನಾ ನಗುನಗುತ್ತ ಕೇಳಿದಳು.

"ಬಂಡಿ ಎಲ್ಲಿ ಹೋಗ್ತೈತ್ರಿ ಅಲ್ಲೆ? ಪಂಜಾ ಹೊತ್ತಾಂವ, ಅವನ ಕೈ ಹಿಡದಾಂವ, ಇಬ್ಬರು ಜೋಡಿ ನಡಿಯೂವಷ್ಟು. ಬೇವಿನ ಗಿಡದ ಈ ಮಗ್ಗಲಕ."

ಕಾಂಚನಾಳ ನಗು ಅಲ್ಲೇ ಆರಿತು. ಹಾಗಾದರೆ ದಾರಿಯೇ ಇರಲಿಲ್ಲವೆನ್ನಿ ಎಂದು ಸುಭಾಷನ ವಕೀಲ ಮೇಲೆದ್ದ.

"ಅಗಲ ಇರಲಿಲ್ಲ ಅಂದೆ, ದಾರಿ ಇರಲಿಲ್ಲ ಅನ್ಲಿಲ್ರಿ. ನಾ ಮದಿವಿ ಆಗಿ ಬಂದಾಗಿಂದ ದೇವರು ಆ ದಾರೀಲೇ ಬಂದಾವು. ಅವರ ದೇವರು ಅವರಿಗೆ, ನನ್ನ ಲಿಂಗ ನನಗ. ಹೊತ್ತವರ ಕಾಲಿಗೆ ನೀರು ಹಾಕಿದಾಕಿ ಮಾತ್ರ ನಾನ."

ಎರಡೂ ಕಡೆಯವರ ಮುಖ ಸಣ್ಣಗಾಗುವಂತೆ ಸಾಕ್ಷಿ ಹೇಳಿದವರು ಲೋಕದಲ್ಲಿ ಅಪರೂಪ. ಸುಭಾಷ ಅತ್ತೆಯನ್ನೇ ನೋಡುತ್ತಿದ್ದ. ಗುಲಾಬಬಿಯ ಪರವಾಗಿ ಸುಳ್ಳು ಹೇಳುತ್ತಾಳೆಂದು ಅವನು ಲೆಕ್ಕ ಹಾಕಿದ್ದ. ಆ ಲೆಕ್ಕ ತಪ್ಪಿತ್ತು.

ಹೊರಗೆ ಚಹಾದಂಗಡಿಯಲ್ಲಿ ಕಾಂಚನಾ ಮೊದಲು ಗದರಿದಳು. ಆಣೆಯ ಸುದ್ದಿ ನನಗೊಂದು ಮಾತು ಹೇಳಬಾರದಿತ್ತೇ, ನನ್ನ ಜೀವ ಬಾಯಿಗೆ ಬಂದಿತ್ತು ಎಂದಳು. ಆಮೇಲೆ ತಾನೇ ಮೆತ್ತಗಾಗಿ ಹೊರದೇಶದ ಸುದ್ದಿ ಹೇಳಿದಳು. ಹಿಂದಿನ ಕಾಲದಲ್ಲಿ ಇಂಗ್ಲೆಂಡಿನಲ್ಲಿ ನಿಮ್ಮ ಹಾಗೆಯೇ ಆಣೆ ಒಲ್ಲೆನೆಂದ ಭಕ್ತರನ್ನು ಜೈಲಿಗೆ ಹಾಕುತ್ತಿದ್ದರು, ಅವರು ಜಗ್ಗಲಿಲ್ಲ, ಕಡೆಗೆ ಕಾನೂನೇ ಜಗ್ಗಿತು. ಇಂದಿಗೂ ಎಷ್ಟೋ ದೇಶಗಳಲ್ಲಿ ಹೀಗೇ ನಂಬು ಎಂದು ಸರಕಾರವೇ ಹೇಳುತ್ತದೆ, ನಂಬಿಕೆ ಬಿಟ್ಟರೂ ಶಿಕ್ಷೆ, ಬದಲಿಸಿದರೂ ಶಿಕ್ಷೆ. ನಮ್ಮಲ್ಲಿಯೂ ಎಲ್ಲ ಸರಿ ಇದೆಯೆಂದಲ್ಲ, ಜಗಳಗಳು ದಿನಾ ಕೋರ್ಟಿಗೆ ಬರುತ್ತವೆ. ಗುರುಸಿದ್ದವ್ವ ಚಹಾದ ಬಸಿ ಕೆಳಗಿಟ್ಟು, ಜೈಲಿಗೆ ಹೋದ ಆ ಮಂದಿ ಯಾರೋ ಏನೋ, ಅವರ ಹೊಟ್ಟೆ ತಣ್ಣಗಿರಲಿ ಎಂದಳು. ಅವರು ಕಷ್ಟಪಟ್ಟದ್ದರ ಫಲ ನನಗೆ ಮುಟ್ಟಿತಲ್ಲ ಎಂದು ಕಣ್ಣೊರೆಸಿಕೊಂಡಳು.

ತೀರ್ಪಿನವರೆಗೆ ಹೋಗುವ ಪ್ರಸಂಗವೇ ಬರಲಿಲ್ಲ. ಇಬ್ಬರು ನಡೆಯುವಷ್ಟೇ ದಾರಿಯಾದರೆ ಗೋದಾಮು ಒಂದಿಷ್ಟು ಸರಿಸಿ ಕಟ್ಟಬಹುದೆಂದು ಸುಭಾಷನಿಗೆ ಹೊಳೆಯಿತು. ಬಂಡಿದಾರಿಯ ಆಸೆಯನ್ನು ಮರ್ದಾನಸಾಬನೂ ನಾಚಿಕೊಂಡು ಬಿಟ್ಟ. ಹಾವೂ ಸಾಯಲಿಲ್ಲ, ಕೋಲೂ ಮುರಿಯಲಿಲ್ಲ. ಕೋರ್ಟಿನಲ್ಲೇ ರಾಜಿ ಬರೆಸಿ ಇಬ್ಬರೂ ರುಜು ಹಾಕಿದರು. ಆದರೆ ಸುಭಾಷ ಅತ್ತೆಯನ್ನು ಮಾತಾಡಿಸಲಿಲ್ಲ. ಆ ವರ್ಷದ ಪಂಚಮಿಗೆ ತವರಿನಿಂದ ಕರೆ ಬರಲಿಲ್ಲ. ಗುರುಸಿದ್ದವ್ವ ತಂಬಿಟ್ಟಿನ ಉಂಡಿ ಕಟ್ಟಿ ಗೋಡೆಯಾಚೆ ಗುಲಾಬಬಿಗೆ ಕೊಟ್ಟಳು. ನಗುತ್ತಲೇ ಕೊಟ್ಟಳು, ಆದರೂ ಒಳಗೆ ಕುಟುಕುತ್ತಿತ್ತು.

ಮುಂದಿನ ಮೊಹರಮ್ಮು ಬಂತು. ಹಲಗೆ ಬಾರಿಸುವ ಸದ್ದಿನೊಡನೆ ಪಂಜಾಗಳು ಹೊಸ ಗೋದಾಮಿನ ಗೋಡೆಗೂ ಬೇವಿನ ಗಿಡಕ್ಕೂ ನಡುವಿನ ದಾರಿಯಲ್ಲಿ ಹೊರಬಂದವು. ಹೊತ್ತವನು, ಕೈ ಹಿಡಿದವನು, ಇಬ್ಬರೇ ಜೋಡಿಯಾಗಿ. ಗುರುಸಿದ್ದವ್ವ ಬಾಗಿಲಲ್ಲಿ ಕೊಡ ಎತ್ತಲು ಬಾಗಿದಳು. ಸೊಂಟ ಹಿಡಿದುಕೊಂಡು ಏಳಲಾಗಲಿಲ್ಲ. ಆಗ ಪಕ್ಕದಿಂದ ಎರಡು ಕೈ ಬಂದು ಕೊಡ ಎತ್ತಿದವು. ಸುಭಾಷ. ಯಾವ ಮಾಯದಲ್ಲಿ ಬಂದು ನಿಂತಿದ್ದನೋ! ಕೊಡದ ಕಂಠಕ್ಕೆ ಅವಳೂ ಕೈ ಹಚ್ಚಿದಳು. ಇಬ್ಬರೂ ಸೇರಿ ನೀರು ಹಾಕಿದರು.

ದೇವರು ಮುಂದೆ ಹೋದ ಮೇಲೆ ಅವನು ಬಾಗಿ ಅತ್ತೆಯ ಕಾಲು ಮುಟ್ಟಿದ.

"ಅತ್ತಿ, ಈ ದಾರಿಗೆ ನಾ ಇನ್ನ ಎಂದೂ ಅಡ್ಡ ಬರೂದಿಲ್ಲ. ಪಂಚಮಿಗೆ ನಾನ ಬಂದು ಕರಕೊಂಡು ಹೋಗ್ತೀನಿ. ದೇವರಾ..."

ಅವಳು ಒದ್ದೆ ಕೈಯನ್ನು ಅವನ ಬಾಯಿಗೆ ಅಡ್ಡ ಹಿಡಿದಳು. ಪಕ್ಕದ ಮನೆಯ ಬಾಗಿಲಿನಿಂದ ಗುಲಾಬಬಿ ನೋಡುತ್ತಿದ್ದಳು.

"ಆಣಿ ಬ್ಯಾಡೋ ತಮ್ಮಾ. ನೀ ಹೇಳಿದಿ, ಆತಲ್ಲ. ಬಾ, ಚಾ ಕುಡಿ."