ಜೀಪಿನ ಕರೆಂಟಿನಲ್ಲಿ ಆಡಿದ ಮಾತು

ನನ್ನ ಕೈಗೆ ಮೈಕ್ ಬಂದ ಕೂಡಲೇ ಕರೆಂಟ್ ಹೋಯಿತು.

ಹೋಗಿದ್ದು ಮೈಕಿಗೆ ಮಾತ್ರ. ದೊಡ್ಡ ಸಾಹೇಬರ ಪಕ್ಕದ ಟೇಬಲ್ ಫ್ಯಾನ್ ತಣ್ಣಗೆ ತಿರುಗುತ್ತಲೇ ಇತ್ತು...

ಎಂಬತ್ತರ ದಶಕದ ಮಾತು. ಹೊಸನಗರದ ಕಡೆ ಒಂದು ಸರ್ಕಾರಿ ಕಟ್ಟಡದ ಉದ್ಘಾಟನೆ. ಗದ್ದೆ, ಮನೆ ಎಲ್ಲ ಶರಾವತಿಯ ಹಿನ್ನೀರಿಗೆ ಹೋದ ಮೇಲೆ ನಾವು ಬಂದು ನೆಲೆ ನಿಂತಿದ್ದು ಅಲ್ಲೇ ಹತ್ತಿರದ ಗುಡ್ಡದಲ್ಲಿ.

ನಮ್ಮ ನೆಲ ಮುಳುಗಿಸಿ ಮಾಡಿದ ಕರೆಂಟು ನಮ್ಮ ತಲೆಯ ಮೇಲಿನ ತಂತಿಯಲ್ಲೇ ಊರೂರಿಗೆ ಹೋಗುತ್ತಿತ್ತು. ನಮ್ಮ ಮನೆಗಳಲ್ಲಿ ಮಾತ್ರ ಚಿಮಣಿ ಬುಡ್ಡಿ.

ಉದ್ಘಾಟನೆಗೆ ಬಂದಿದ್ದ ಜಿಲ್ಲೆಯ ದೊಡ್ಡ ಸಾಹೇಬರು ಈ ಕಡೆ ಬರುವುದೇ ಅಪರೂಪ. ಅವತ್ತು ಕೇಳದಿದ್ದರೆ ನಮ್ಮ ಕೇರಿಗೆ ಕರೆಂಟ್ ಕಂಬ ಬಂದ ಹಾಗೇ! ಅದಕ್ಕೇ ಕೇರಿಯ ಹೆಂಗಸರೆಲ್ಲ ಸೇರಿ ನನ್ನನ್ನು ಮುಂದೆ ಮಾಡಿದ್ದರು.

"ಕರೆಂಟ್ ಹೋಯ್ತಮ್ಮ, ಕೂತ್ಕೊ" ಅಂದರು ಕಚೇರಿಯವರೊಬ್ಬರು. ನಾನು ಫ್ಯಾನ್ ಕಡೆ ನೋಡಿದೆ. ಮೈಯೆಲ್ಲ ಉರಿದುಹೋಯಿತು.

ಅಕ್ಕನ ಗಂಡ, ನಮ್ಮ ಭಾವ, ಬಾಡಿಗೆ ಜೀಪು ಓಡಿಸುತ್ತಿದ್ದರು. ಜೀಪನ್ನು ಚಪ್ಪರದ ಬುಡಕ್ಕೇ ತಂದು ನಿಲ್ಲಿಸಿ ಬಾನೆಟ್ ಎತ್ತಿದರು. ಆಗಿನ ಮೈಕ್ ಸೆಟ್ ಬ್ಯಾಟರಿಯಲ್ಲೂ ಓಡುತ್ತಿತ್ತು. ಎರಡು ವೈರ್ ಸಿಕ್ಕಿಸಿದ್ದೇ ತಡ, ಸ್ಪೀಕರ್ ಕುಯ್ಯೆಂದಿತು.

"ಸಾಹೇಬ್ರ ಕರೆಂಟ್ ಸಾಹೇಬ್ರಿಗೇ ಇರ್ಲಿ. ನೀ ಮಾತಾಡು ಮಾರಾಯ್ತಿ" ಅಂದರು.

ಮಾತಾಡಿದೆ. "ಇದ್ದ ಗದ್ದೆ ಬಿಟ್ಟುಕೊಟ್ಟು ನಿಮ್ಗೆ ಬೆಳಕು ಮಾಡಿದ್ದು ನಾವು. ನಮ್ಗೆ ನಾಲ್ಕು ಕಂಬ ಹಾಕಕ್ಕೆ ಎಂತ ಕಷ್ಟ ನಿಮ್ಗೆ? ಹೇಳಿ ಹೋಗಿ."

ಸಾಹೇಬರು ಎದ್ದು ಕಾರಿನ ಕಡೆ ಹೊರಟರು. ಹೆಂಗಸರು ದಾರಿಗೆ ಅಡ್ಡ ಕೂತರು.

ಕಂಬ ಹಾಕಿಸುತ್ತೇನೆಂದು ಅದೇ ಮೈಕಿನಲ್ಲಿ, ನಮ್ಮದೇ ಜೀಪಿನ ಕರೆಂಟಿನಲ್ಲಿ, ಎಲ್ಲರೆದುರು ಹೇಳಿಸಿದ ಮೇಲೆಯೇ ದಾರಿ ಬಿಟ್ಟಿದ್ದು.

ಹೊರಡುವಾಗ ಜೀಪು ಸ್ಟಾರ್ಟ್ ಆಗಲಿಲ್ಲ. ಹಳೇ ಬ್ಯಾಟರಿ, ಪೂರ್ತಿ ಇಳಿದಿತ್ತು. ಸೆರಗು ಸೊಂಟಕ್ಕೆ ಸಿಕ್ಕಿಸಿ ನಾವೇ ದೂಡಿದೆವು.

ಕಂಬ ಬಂತು. ತಡವಾಗಿ, ಆದರೂ ಬಂತು.

ಮೊನ್ನೆ ಮೊಮ್ಮಗಳು ಹೇಳುತ್ತಾಳೆ, ಈಗಿನ ಎಲೆಕ್ಟ್ರಿಕ್ ಕಾರು ಮನೆಗೂ ಕರೆಂಟ್ ಕೊಡುತ್ತದಂತೆ, ಸಂಜೆ ಹೊತ್ತು ಕರೆಂಟ್ ಸಾಲದಿದ್ದರೆ ಲೈನಿಗೂ ವಾಪಸ್ ಕಳಿಸಬಹುದಂತೆ. ಭಾರೀ ಹೊಸ ವಿಷಯ ಅನ್ನುವ ಹಾಗೆ ಹೇಳುತ್ತಾಳೆ. ನಕ್ಕುಬಿಟ್ಟೆ.

ಕೊಡೋಣ, ಇಲ್ಲ ಅನ್ನುವ ಜನ ಅಲ್ಲ ನಾವು... ಆದರೆ ಆವತ್ತು ಗದ್ದೆ ತೆಗೆದುಕೊಂಡ ಹಾಗಲ್ಲ, ಈ ಸಲ ನಮ್ಮನ್ನು ಕೇಳಿ ತೆಗೆದುಕೊಳ್ಳಲಿ, ಅಲ್ಲವೇ?