ಅವ್ವನ ಇರುವೆ ಮಣಿ

ನನಗೆ ಒಡವೆಯ ಹುಚ್ಚಿಲ್ಲ ಎಂದು ಕೊಪ್ಪಳದ ಅರ್ಧ ಊರಿಗೆ ಹೇಳಿಕೊಂಡು ತಿರುಗಿದ್ದೇನೆ. ಶುದ್ಧ ಸುಳ್ಳು. ಒಂದು ಸತ್ತ ಇರುವೆಯ ಮೇಲೆ ನನಗೆ ಪ್ರಾಣ. ಅದಿರುವುದು ಜೇನಿನ ಬಣ್ಣದ ಮಣಿಯೊಳಗೆ. ಯಾವುದೋ ಕಾಲದ ಮರ ಸುರಿಸಿದ ಅಂಟಿಗೆ ಸಿಕ್ಕಿಬಿದ್ದು, ಕೋಟ್ಯಂತರ ವರ್ಷ ನೆಲದಲ್ಲಿ ಹೂತು, ಅಂಟಿನ ಜೊತೆ ತಾನೂ ಕಲ್ಲಿನ ಪಾಲಾದ ಇರುವೆ. ನಮ್ಮ ಕಡೆ ಮುಸಲ್ಮಾನರ ಮನೆಗಳಲ್ಲಿ ಈ ಮಣಿಗೆ ಕೆಹರುಬಾ ಎನ್ನುತ್ತಾರೆ.

ಹುಲಿಹೈದರದಲ್ಲಿ ನಾನು ಎಂಟು ವರ್ಷದವಳಿದ್ದಾಗ ಕಾಮಾಲೆ, ನಮ್ಮ ಕಡೆಯ ಮಾತಿನಲ್ಲಿ ಕಾಮಣಿ, ಆಯಿತು. ಪಕ್ಕದ ಮನೆಯ ಬಳೆಗಾರ್ತಿ ಖೈರುನ್‌ಬೀ ತನ್ನ ಕೊರಳಿನ ಮಣಿ ಬಿಚ್ಚಿ ನನಗೆ ಕಟ್ಟಿದಳು. ಅವ್ವ ಅನುಮಾನಿಸಿದಾಗ ಮಣಿಯನ್ನು ಸೀರೆಗೆ ತಿಕ್ಕಿ, ಅರಳೆಯ ಎಳೆಯೊಂದನ್ನು ಸೆಳೆದು ತೋರಿಸಿದಳು. "ಹತ್ತಿ ಎಳೀತೈತಿ, ಕಾಮಣಿ ಎಳೀಲಾರದೇನವಾ?" ಇಂಥ ತರ್ಕಕ್ಕೆ ಎದುರಾಡುವವರು ಯಾರು! ಮೂರು ಹೊತ್ತು ಕುಡಿಸಿದ ನೆಲನೆಲ್ಲಿಯ ಕಹಿ ರಸಕ್ಕೆ ಯಾವ ಕೀರ್ತಿಯೂ ಸಿಗಲಿಲ್ಲ. ವಾಸಿಯಾದ ಮೇಲೆ ಮರಳಿಸಲು ಹೋದರೆ ಆಕೆ ಮುಟ್ಟಲಿಲ್ಲ. "ಕೂಸಿನ ಜಡ್ಡು ಕುಡದೈತಿ, ನಿಮ್ಮನ್ಯಾಗ ಇರ್ಲಿ." ಅಂದಿನಿಂದ ಅದು ಅವ್ವನ ಕೊರಳಿನದಾಯಿತು. ಅವ್ವನ ಎದೆಗೆ ಒರಗಿದರೆ ಕೆನ್ನೆಗೆ ತಾಗುತ್ತಿತ್ತು. ಬೇರೆ ಕಲ್ಲುಗಳಂತೆ ತಣ್ಣಗಲ್ಲ, ಬೆಚ್ಚಗೆ. ಬಂಗಾರ ಎಷ್ಟೇ ಮಿಂಚಲಿ, ಅದರೊಳಗೆ ಯಾರೂ ಇರುವುದಿಲ್ಲ ನೋಡಿ.

ಅವ್ವ ಹೋಗಿ ಎರಡು ವರ್ಷ. ಕಳೆದ ತಿಂಗಳು ನನ್ನ ಮಗಳು ಸುಮಾಳ ಮದುವೆ. ಮೊಮ್ಮಗಳ ಅಕ್ಕಿಕಾಳಿಗೆ ಅವ್ವ ಇರಬೇಕಿತ್ತು. ಇಲ್ಲವಲ್ಲ, ಮಣಿಯಾದರೂ ಇರಲಿ ಎಂಬುದು ನನ್ನ ಹಟ. ಅರಿಷಿಣದ ದಿನ ಹೊರತೆಗೆದೆ. ನನ್ನ ಗಂಡನ ಅಕ್ಕ ನೀಲಮ್ಮ ಕನ್ನಡಕ ಏರಿಸಿ ನೋಡಿ ಹೌಹಾರಿದರು.

"ಅಯ್ಯ ಶಿವನ! ಸತ್ತದ್ದನ್ನ ಮದಿಮಗಳ ಕೊರಳಾಗ ಹಾಕ್ತಾರೇನವಾ? ಪೆಟ್ಟಿಗ್ಯಾಗ ಇಡು."

ಮೂವತ್ತು ವರ್ಷ ಮಕ್ಕಳಿಗೆ ವಿಜ್ಞಾನ ಕಲಿಸಿದ ನಾನು ಮಣಿಯನ್ನು ಮತ್ತೆ ಪೆಟ್ಟಿಗೆಗೆ ಹಾಕಲು ಹೊರಟೆ. ಬೀಗರ ಕಿವಿಗೆ ಅಪಶಕುನದ ಮಾತು ಬಿದ್ದೀತೆಂಬ ಭಯ. ಸುಮಾ ಮಾತ್ರ ನಕ್ಕಳು. "ಅತ್ತಿ, ನಿಮ್ಮ ತಾಳಿ ಮಗ್ಗಲದಾಗ ಹವಳ ಅದಾವಲ್ಲ, ಅವೂ ಸಮುದ್ರದಾಗಿನ ಸಣ್ಣ ಜೀವಗಳ ಎಲಬನ ರೀ."

ನೀಲಮ್ಮನ ಕೈ ತಟ್ಟನೆ ಕೊರಳಿಗೆ ಹೋಯಿತು. ನಲವತ್ತು ವರ್ಷ ಕಣ್ಣಿಗೊತ್ತಿಕೊಂಡ ತಾಳಿ. ಅಂಗಳದಲ್ಲಿ ಚಹಾ ಕುಡಿಯುತ್ತಿದ್ದ ತಮ್ಮ ಗಂಡನ ಕಡೆ ಒಮ್ಮೆ ನೋಡಿದರು. ಆಸಾಮಿ ಗಟ್ಟಿಮುಟ್ಟಾಗಿಯೇ ಇದ್ದರು.

"ಹೋಗ್ಲಿ ಬಿಡು, ನನಗೇನೂ ಕೆಟ್ಟದ್ದಾಗಿಲ್ಲ" ಎಂದು ಮಣಿಯನ್ನು ತಾವೇ ಸುಮಾಳ ಕೊರಳಿಗೆ ಕಟ್ಟಿದರು. ಕಟ್ಟಿದ ಮೇಲೆ ಬಗ್ಗಿ ನೋಡಿ, "ಪಾಪ, ಒಂದು ಕಾಲು ಎತ್ತೈತಿ. ಎಲ್ಲಿಗೆ ಹೊಂಟಿತ್ತೋ ಏನೋ" ಎಂದರು.

ನಾನು ಮಣಿಯನ್ನು ಮುಟ್ಟಿ ನೋಡಿದೆ.

"ಮದಿವಿಗೇ ಹೊಂಟಿತ್ರಿ ಅಕ್ಕಾರ" ಎಂದೆ. "ಈಗ ಬಂದು ಮುಟ್ಟೈತಿ."