ಸುಣ್ಣದ ಬ್ರಷ್ಷು ತೊಳೆದ ನೀರು

೧೯೫೪ರ ದಸರೆಯ ಮುನ್ನಾದಿನ, ಸಯನ್ನಿನ ನಮ್ಮ ಚಾಳಿನಲ್ಲಿ, ಪಕ್ಕದ ಖೋಲಿಯ ಗಂಗಾಬಾಯಿಯವರ ಮಲ್ಲಿಗೆ ಗಿಡಕ್ಕೆ ಸುಣ್ಣದ ನೀರು ಸುರಿದವನು ನಾನು. ಗೋಡೆಗೆ ಸುಣ್ಣ ಬಳಿದು ಬ್ರಷ್ಷು ತೊಳೆದಿದ್ದೆ. ಮೋರಿಯವರೆಗೆ ನಡೆಯಲು ಸೋಮಾರಿತನ — ಗಿಡದ ಡಬ್ಬ ಗ್ಯಾಲರಿಯಲ್ಲಿ ಎದುರಿಗೇ ಇತ್ತು.

ದೀಪಾವಳಿಯ ಹೊತ್ತಿಗೆ ಎಲೆಗಳು ಹಳದಿಯಾದವು. ನರ ಮಾತ್ರ ಹಸಿರು. ನಾನು ವರದಿಗಾರ, ಕಾರಣ ಹುಡುಕದೆ ಇರಲಾರೆ. ಒಂದು ಎಲೆ ಕಿತ್ತು ದಾದರಿನ ಮಾಲಿಯೊಬ್ಬನಿಗೆ ತೋರಿಸಿದೆ.

“ಅರೇ ಸಾಹೇಬ್, ಚುನಾ ಪಡಲಾ!”

ಸುಣ್ಣ ಬಿದ್ದಿದೆ, ಮಣ್ಣು ಬದಲಿಸಿ ಹುಳಿಮಜ್ಜಿಗೆಯ ನೀರು ಹಾಕಿದರೆ ಹಸಿರು ಮರಳುತ್ತದೆ ಎಂದ. ಎಂಥ ಸಂಭ್ರಮ! ಲೋಕಲ್ ರೈಲು ನಿಲ್ಲುವ ಮೊದಲೇ ಇಳಿದು, ಚಾಳಿನ ಮೆಟ್ಟಿಲುಗಳನ್ನು ಎರಡೆರಡಾಗಿ ಹಾರಿ ಬಂದೆ.

ಗ್ಯಾಲರಿಯಲ್ಲಿ ಗಂಗಾಬಾಯಿ. ಎದುರಿಗೆ ಸೊಸೆ ಶಾರದಾಬಾಯಿ — ಮದುವೆಯಾಗಿ ಧಾರವಾಡದಿಂದ ಬಂದು ಐದು ತಿಂಗಳು.

“ಖರೇ ಹೇಳ, ಹೊರಗ ಕೂತಾಗ ಗಿಡಾ ಮುಟ್ಟೀಯೋ ಇಲ್ಲೋ?”

“ಇಲ್ರೀ ಅತ್ತಿ, ದೇವರಾಣಿ.”

“ಮತ್ತ ಎಲಿ ತಾವಾಗೇ ಅರಿಷಿಣಾ ಹಚಗೊಂಡ್ವೇನು? ಗಿಡಾ ಒಣಗಿಸಿದ ಕೈ ನಾಳೆ ಮನೀನೂ ಒಣಗಸ್ತದ.”

ಮುಟ್ಟಾದವಳ ಕೈ ತಾಕಿದರೆ ಮಲ್ಲಿಗೆ ಕೆಡುತ್ತದೆಂಬುದು ಅವರ ನಂಬಿಕೆ. ಶಾರದಾಬಾಯಿ ನನ್ನತ್ತ ತಿರುಗಿದರು.

“ಅಣ್ಣಾ, ನೀವು ಬಾಜೂಕನ ಇರ್ತೀರಿ. ನೀವರೆ ಹೇಳ್ರಿ.”

ಗಂಗಾಬಾಯಿಯವರ ಮನೆಯಲ್ಲೇ ನನ್ನ ಎರಡು ಹೊತ್ತಿನ ಊಟ —

“ನನಗೇನ್ ಗೊತ್ರೀ,” ಎಂದೆ. “ನಾ ಆಫೀಸಿಗೆ ಹೋಗಿರ್ತೀನಿ.”

ಕಿತ್ತ ಎಲೆ ಇನ್ನೂ ನನ್ನ ಜೇಬಿನಲ್ಲಿತ್ತು.

ಆ ವಾರವೇ ಶಾರದಾಬಾಯಿಯವರನ್ನು ತವರಿಗೆ ಕಳಿಸಿದರು. ಗಂಡ ತಾಯಿಗೆ ಎದುರಾಡಲಿಲ್ಲ. ಮರುದಿನ, ಗಂಗಾಬಾಯಿ ನಳದ ಸಾಲಿನಲ್ಲಿದ್ದಾಗ, ನಾನು ಗುಟ್ಟಾಗಿ ಮಣ್ಣು ಬದಲಿಸಿದೆ. ಆಮೇಲೆ ದಿನಾ ಅದೇ ಹೊತ್ತಿಗೆ ಮಜ್ಜಿಗೆಯ ನೀರು. ಬೆಳಗಾದರೆ ಮೊದಲು ಗಿಡ, ಆಮೇಲೆ ಪತ್ರಿಕೆ. ಹದಿನೈದನೆಯ ದಿನ ತುದಿಯಲ್ಲಿ ಎರಡು ಎಲೆ — ಹಸಿರು, ಹೊಳೆಯುವ ಹಸಿರು! ಕೂಗಿಬಿಡಬೇಕೆನಿಸಿತು. ಕೂಗಿದ್ದು ಗಂಗಾಬಾಯಿ.

“ನೋಡ್ರಿ, ಆಕಿ ಹೋದ್ಲು, ಗಿಡಾ ಚಿಗೀತು!”

ಇಡೀ ಚಾಳು ನೋಡಲು ಬಂತು. ಆಗಲಾದರೂ ನಾನು —

ಶಾರದಾಬಾಯಿ, ಗಿಡ ಕೆಡಿಸಿದವನು ನಾನು. ಬದುಕಿಸಿದವನೂ ನಾನು. ಎರಡೂ ಸಲ ಆರೋಪ ನಿಮ್ಮ ಮೇಲೆ ಬಿತ್ತು; ಎರಡನೆಯ ಸಲ ಅದಕ್ಕೆ ಸಾಕ್ಷಿ ಒದಗಿಸಿಕೊಟ್ಟದ್ದು ನನ್ನ ಕೈ.

ನೀವು ಚಾಳಿಗೆ ಮರಳಲಿಲ್ಲ. ೧೯೫೯ರಲ್ಲಿ ನಾನು ದಹಿಸರಿಗೆ ಮನೆ ಬದಲಿಸಿದ ದಿನ, ಗಿಡ ಗ್ಯಾಲರಿಯ ಕಂಬ ಹಬ್ಬಿ ಮೇಲಿನ ಮಾಳಿಗೆ ಮುಟ್ಟಿತ್ತು. ಎಲೆಗಳು ಹಸಿರಾಗಿದ್ದವು.